ಫೈನಾನ್ಸ್ ಕಂಪನಿ ಕೆಲಸ: ಮೂವರು ಮೂರು ಥರ ಹೇಳಿದರೆ ಯಾರನ್ನು ನಂಬೋದು?

ಪ್ರಶ್ನೆ: ಬಿ.ಕಾಂ. ಮುಗಿಸಿದ್ದೇನೆ, ವಯಸ್ಸು 25, ಲಗ್ಗೆರೆಯಲ್ಲಿ ಮನೆ. ಯಶವಂತಪುರದ ಒಂದು ವಾಹನ ಸಾಲದ ಫೈನಾನ್ಸ್ ಕಂಪನಿಯಲ್ಲಿ ಕಲೆಕ್ಷನ್ ಎಕ್ಸಿಕ್ಯೂಟಿವ್ ಕೆಲಸಕ್ಕೆ ಆಫರ್ ಬಂದಿದೆ. ಸಿಟಿಸಿ (ಕಂಪನಿ ನನಗೆ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 3.6 ಲಕ್ಷ. ಅದೇ ಕಂಪನಿಯಲ್ಲಿ ದುಡಿದ ಮೂವರನ್ನು ವಿಚಾರಿಸಿದೆ. ಒಬ್ಬರು "ಒಳ್ಳೆ ಕಂಪನಿ, ಕೆಲಸ ಕಲಿಯಬಹುದು" ಅಂದರು. ಇನ್ನೊಬ್ಬರು "ಮ್ಯಾನೇಜರ್ ಬಾಯಿಗೆ ಬಂದ ಹಾಗೆ ಬೈತಾರೆ, ರಾತ್ರಿ ಒಂಬತ್ತಾದರೂ ಬಿಡಲ್ಲ" ಅಂದರು. ಮೂರನೆಯವರು "ಇನ್ಸೆಂಟಿವ್ ಒಂದು ರೂಪಾಯಿ ಕಣ್ಣಲ್ಲಿ ನೋಡಲಿಲ್ಲ" ಅಂದರು. ಸೇರುವಾಗ ಎರಡು ಖಾಲಿ ಚೆಕ್ ಕೊಡಬೇಕಂತೆ. ಯಾರ ಮಾತು ನಂಬಲಿ? ಸೇರಿ ಹೊಂದದಿದ್ದರೆ ಹೊರಗೆ ಬರುವುದು ಹೇಗೆ?

ಉತ್ತರ: ಮೂವರೂ ನಿಜ ಹೇಳಿರುವ ಸಾಧ್ಯತೆಯೇ ಹೆಚ್ಚು. ಫೈನಾನ್ಸ್ ಕಂಪನಿಯೊಂದರ ವಾತಾವರಣ ಹೇಗಿದೆ ಎಂಬುದು ಹೊರಗಿನ ಬೋರ್ಡಿನಿಂದ ತಿಳಿಯುವುದಿಲ್ಲ. ನಿಮಗೆ ಯಾವ ಬಕೆಟ್ (ಬಾಕಿ ಎಷ್ಟು ಹಳೆಯದು ಎಂದು ನೋಡಿ ಮಾಡಿದ ಖಾತೆಗಳ ಗುಂಪು) ಕೊಟ್ಟಿದ್ದಾರೆ, ಅದಕ್ಕೆ ಯಾವ ಟಾರ್ಗೆಟ್ ಇಟ್ಟಿದ್ದಾರೆ, ನಿಮ್ಮ ಮ್ಯಾನೇಜರ್ ಮೇಲೆ ಯಾವ ಟಾರ್ಗೆಟ್ ಇದೆ, ಇವು ಮೂರು ಸೇರಿ ನಿಮ್ಮ ದಿನ ಹೇಗೆ ಕಳೆಯುತ್ತದೆ ಎಂದು ತೀರ್ಮಾನವಾಗುತ್ತದೆ. ಆದ್ದರಿಂದ "ಕಂಪನಿ ಹೇಗಿದೆ?" ಎಂದು ಕೇಳುವ ಬದಲು ಅಂಕಿ ಕೇಳಿ.

ಮೊದಲು ಬಕೆಟ್. ಈ ತಿಂಗಳಷ್ಟೇ ಕಂತು ಬೌನ್ಸ್ ಆದ ಖಾತೆಗಳನ್ನು ಎಕ್ಸ್ ಬಕೆಟ್ ಅನ್ನುತ್ತಾರೆ. ಆಗಲೇ ಒಂದು ಕಂತು ಬಾಕಿ ಉಳಿದಿದ್ದರೆ ಒಂದನೇ ಬಕೆಟ್, ಎರಡು ಉಳಿದಿದ್ದರೆ ಎರಡನೇದು, ಹೀಗೆ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಎಕ್ಸ್ ಬಕೆಟ್‌ನಲ್ಲಿ ಬಹುಪಾಲು ಜನ ಸಂಬಳ ತಡವಾಗಿಯೋ ಬ್ಯಾಂಕ್ ಖಾತೆಯಲ್ಲಿ ನೂರಿನ್ನೂರು ರೂಪಾಯಿ ಕಡಿಮೆ ಬಿದ್ದೋ ಬೌನ್ಸ್ ಆದವರು. ಒಂದು ಫೋನಿಗೆ ಕಟ್ಟಿಬಿಡುತ್ತಾರೆ. ಎರಡು-ಮೂರನೇ ಬಕೆಟ್‌ಗೆ ಬಂದವರ ಕಥೆಯೇ ಬೇರೆ. ಕೆಲಸ ಹೋಗಿರುತ್ತದೆ, ಮನೆ ಬದಲಾಯಿಸಿರುತ್ತಾರೆ, ಗಾಡಿಯನ್ನು ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ. ಅಲ್ಲಿ ದಿನಕ್ಕೆ 15 ಮನೆ ಸುತ್ತಿದರೂ ಬಾಗಿಲು ತೆರೆಯುವವರು ಐದಾರು ಮಂದಿ. "ಕಲಿಯಬಹುದು" ಅಂದವರು ಯಾವ ಬಕೆಟ್ ನೋಡುತ್ತಿದ್ದರು, "ಬೈತಾರೆ" ಅಂದವರು ಯಾವುದನ್ನು ನೋಡುತ್ತಿದ್ದರು ಎಂದು ವಾಪಸ್ ಫೋನ್ ಮಾಡಿ ಕೇಳಿ. ನಿಮ್ಮ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಮೂರನೆಯವರ ಇನ್ಸೆಂಟಿವ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಕೆಲಸದಲ್ಲಿ ಮನಸ್ಸು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಇನ್ಸೆಂಟಿವ್ ಪಟ್ಟಿಗೆ ಗ್ರಿಡ್ ಅನ್ನುತ್ತಾರೆ. ಎಷ್ಟೋ ಗ್ರಿಡ್‌ಗಳಲ್ಲಿ ಒಂದು ಗೇಟ್ ಇರುತ್ತದೆ: ಇಷ್ಟು ಶೇಕಡಾ ಮುಟ್ಟದಿದ್ದರೆ ಸೊನ್ನೆ. ಒಂದು ಲೆಕ್ಕ ಹಾಕೋಣ. ನಿಮಗೆ 120 ಖಾತೆ ಕೊಟ್ಟಿದ್ದಾರೆ, ಗೇಟ್ ಶೇ 92. ಖಾತೆಗಳ ಎಣಿಕೆಯಲ್ಲಿ ನೋಡಿದರೆ 111 ಖಾತೆಯಿಂದ ವಸೂಲಿ ಆಗಬೇಕು. 110 ಆದರೆ ಶೇ 91.67. ತಿಂಗಳಿಡೀ ತಿರುಗಿದ ಬೆವರಿಗೆ ಒಂದೂ ರೂಪಾಯಿ ಇಲ್ಲ. ಕೆಲವು ಕಡೆ ಖಾತೆಗಳನ್ನು ಎಣಿಸುವುದಿಲ್ಲ, ಬಾಕಿ ಇರುವ ಅಸಲನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದಕ್ಕೆ ಪಿಒಎಸ್ ಎಂದು ಹೆಸರು. ಅದೇ 120 ಖಾತೆಯ ಒಟ್ಟು ಪಿಒಎಸ್ 90 ಲಕ್ಷ ಎಂದುಕೊಳ್ಳಿ. ಅದರಲ್ಲಿ ಬಹುಪಾಲು ಸ್ಕೂಟರ್, ಬೈಕ್ ಸಾಲ. ಒಂದೇ ಒಂದು ಗೂಡ್ಸ್ ಗಾಡಿ ಸಾಲದ ಬಾಕಿ ಏಳೂವರೆ ಲಕ್ಷ. ಉಳಿದ 119 ಜನರೂ ಕಟ್ಟಿ ಆ ಗೂಡ್ಸ್ ಗಾಡಿಯವನೊಬ್ಬ ಕಟ್ಟದಿದ್ದರೆ ನೀವು ಮತ್ತೆ ಶೇ 91.67ಕ್ಕೇ ನಿಲ್ಲುತ್ತೀರಿ. ಕೆಲಸ ಮಾಡುವವನ ತಪ್ಪಿಲ್ಲದೆ ಇನ್ಸೆಂಟಿವ್ ಹೋಗುವುದು ಹೀಗೆ.

ಹಾಗಾಗಿ ಎಚ್‌ಆರ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ: ಗ್ರಿಡ್ ಲೆಕ್ಕ ಖಾತೆ ಎಣಿಕೆಯ ಮೇಲೋ, ಪಿಒಎಸ್ ಮೇಲೋ? ಗೇಟ್ ಎಷ್ಟು? ತಿಂಗಳ ಮಧ್ಯೆ ಗ್ರಿಡ್ ಬದಲಾಯಿಸುತ್ತಾರೋ? ಖಾತೆ ಹಂಚುವುದು ಯಾವ ತಾರೀಖಿಗೆ, ಆಮೇಲೆ ಒಳ್ಳೆಯ ಖಾತೆಗಳನ್ನು ತೆಗೆದು ಬೇರೆಯವರಿಗೆ ಕೊಡುವುದುಂಟೋ? ಕಳೆದ ಮೂರು ತಿಂಗಳಲ್ಲಿ ಆ ಬ್ರಾಂಚ್‌ನಲ್ಲಿ ಎಷ್ಟು ಜನಕ್ಕೆ ಇನ್ಸೆಂಟಿವ್ ಬಂದಿದೆ? ಗ್ರಿಡ್ ಅನ್ನು ಮೇಲ್‌ನಲ್ಲಿ ಕಳಿಸಿ ಎಂದು ಕೇಳಿ. "ಸೇರಿದ ಮೇಲೆ ಹೇಳ್ತೀವಿ" ಎಂಬ ಉತ್ತರ ಬಂದರೆ ಇನ್ಸೆಂಟಿವ್ ಇಲ್ಲವೆಂದೇ ತಿಳಿದು ಸಂಬಳದ ಲೆಕ್ಕ ಹಾಕಿ.

ಆ ಸಂಬಳದ ಲೆಕ್ಕವೂ ಕಾಗದದಲ್ಲಿ ಕಂಡಷ್ಟು ದಪ್ಪವಿಲ್ಲ. 3.6 ಲಕ್ಷ ಅಂದರೆ ತಿಂಗಳಿಗೆ 30,000. ಬೇಸಿಕ್ 15,000 ಇದ್ದು, ಸಿಟಿಸಿ ಒಳಗೇ ಕಂಪನಿ ಪಾಲಿನ ಪಿಎಫ್ 1,800, ಬೇಸಿಕ್‌ನ ಶೇ 4.81ರಂತೆ ಗ್ರಾಚ್ಯುಟಿ 722, ವೇರಿಯಬಲ್ (ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಭಾಗ) 3,000 ಸೇರಿಸಿದ್ದರೆ ಉಳಿಯುವುದು 24,478. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,800 ಹೋದರೆ ಕೈಗೆ 22,678. ಕರ್ನಾಟಕದಲ್ಲಿ ವೃತ್ತಿ ತೆರಿಗೆ 25,000 ಸಂಬಳದಿಂದ ಶುರುವಾಗುವುದರಿಂದ ಅದು ಇಲ್ಲಿ ಬರುವುದಿಲ್ಲ. ಇನ್ನು ಪೆಟ್ರೋಲ್. ದಿನಕ್ಕೆ 60 ಕಿ.ಮೀ. ಓಡಿಸಿದರೆ, ಲೀಟರಿಗೆ 42 ಕಿ.ಮೀ. ಕೊಡುವ ಸ್ಕೂಟರಿಗೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಲೀಟರ್ ಹತ್ತಿರ ಬೇಕು. 26 ದಿನಕ್ಕೆ ಸುಮಾರು 4,000 ರೂಪಾಯಿ, ಟೈರು-ಸರ್ವಿಸ್ ಬೇರೆ. ಈ ಹಣವನ್ನು ಕಿ.ಮೀ. ಲೆಕ್ಕದಲ್ಲಿ ಕೊಡುತ್ತಾರೋ, ತಿಂಗಳಿಗೆ ಇಷ್ಟೇ ಎಂದು ಕಟ್ಟಿಬಿಡುತ್ತಾರೋ ಎಂದು ವಿಚಾರಿಸಿ. ನಿಮಗೆ ಕೊಡುವ ಪಿನ್‌ಕೋಡ್‌ಗಳು ಯಾವುವು ಎಂದೂ ಕೇಳಿ. ಲಗ್ಗೆರೆ, ಪೀಣ್ಯ, ಕಾಮಾಕ್ಷಿಪಾಳ್ಯ ಸಿಕ್ಕರೆ ಒಂದು ಬದುಕು. ಯಶವಂತಪುರ ಬ್ರಾಂಚ್ ಹೆಸರಲ್ಲಿ ನೆಲಮಂಗಲದ ಆಚೆಗೂ ಓಡಿಸಿದರೆ ಇನ್ನೊಂದು.

ಈಗ ಎರಡನೆಯವರ ಮಾತು, ರಾತ್ರಿ ಒಂಬತ್ತು ಗಂಟೆಯ ವಿಷಯ. ಇದರ ಹಿಂದೆ ಈ ಊರಿಗೇ ಅಂಟಿದ ಒಂದು ಇಕ್ಕಟ್ಟಿದೆ. ರಿಸರ್ವ್ ಬ್ಯಾಂಕ್ 2022ರ ಆಗಸ್ಟ್ 12ರ ಸುತ್ತೋಲೆಯಲ್ಲಿ, ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಸಾಲಗಾರರಿಗೆ ಫೋನ್ ಮಾಡಬಾರದು ಎಂದಿದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಇನ್ನೂ ಬಿಗಿ, ಬೆಳಿಗ್ಗೆ 9ರಿಂದ ಸಂಜೆ 6 ಮಾತ್ರ. ಆದರೆ ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವವನು ಶಿಫ್ಟ್ ಮುಗಿಸಿ, ಗೊರಗುಂಟೆಪಾಳ್ಯದ ಜಂಕ್ಷನ್ ದಾಟಿ ಮನೆ ಸೇರುವಷ್ಟರಲ್ಲಿ ಏಳೂವರೆ. ಮನೆಯಲ್ಲಿ ಸಿಗುವ ಹೊತ್ತಿಗೆ ನಿಯಮದ ಬಾಗಿಲು ಮುಚ್ಚಿರುತ್ತದೆ. ಒಳ್ಳೆಯ ಮ್ಯಾನೇಜರ್ ಇದಕ್ಕೆ ಬೆಳಗಿನ ಎಂಟರಿಂದ ಹತ್ತರ ತನಕದ ಭೇಟಿಗಳನ್ನು ಜೋಡಿಸುತ್ತಾನೆ, ಭಾನುವಾರ ಕೆಲಸ ಮಾಡಿದವರಿಗೆ ವಾರದ ಮಧ್ಯೆ ರಜೆ ಕೊಡುತ್ತಾನೆ, ಲಿಂಕ್ ಕಳಿಸಿ ಯುಪಿಐನಲ್ಲಿ ಕಟ್ಟಿಸುವ ಅಭ್ಯಾಸ ಬೆಳೆಸುತ್ತಾನೆ. ಕೆಟ್ಟವನು "ಏಳರ ಮೇಲೆ ಹೋಗಿ, ಆದರೆ ಆ್ಯಪ್‌ನಲ್ಲಿ ವಿಸಿಟ್ ಹಾಕಬೇಡಿ" ಅನ್ನುತ್ತಾನೆ. ಸಾಲಗಾರ ಏಳೂವರೆಗೆ ಮನೆ ಬಾಗಿಲಲ್ಲಿ ನಿಂತವನ ವಿಡಿಯೋ ಮಾಡಿ ದೂರು ಕೊಟ್ಟರೆ ಅದರಲ್ಲಿ ಇರುವುದು ನಿಮ್ಮ ಮುಖ. ಹೋಗು ಎಂದವರ ಮಾತಿಗೆ ದಾಖಲೆ ಇರುವುದಿಲ್ಲ. ಅಂಥ ಸೂಚನೆ ಬಂದ ದಿನವೇ "ಏಳರ ನಂತರ ಭೇಟಿ ಮಾಡಲು ಹೇಳಿದ್ದೀರಿ, ನಿಯಮದ ಪ್ರಕಾರ ನಾಳೆ ಬೆಳಿಗ್ಗೆ 8ಕ್ಕೆ ಹೋಗುತ್ತೇನೆ" ಎಂದು ಮ್ಯಾನೇಜರ್‌ಗೆ ಒಂದು ಸಾಲಿನ ಮೇಲ್ ಹಾಕಿ. ಜಗಳ ಬೇಡ, ಅಷ್ಟೇ ಸಾಕು.

ದುಡಿಮೆಯ ಹೊತ್ತಿನ ಕಾನೂನೂ ಗೊತ್ತಿರಲಿ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ. ಮ್ಯಾನೇಜ್‌ಮೆಂಟ್ ಸ್ಥಾನದಲ್ಲಿರುವವರನ್ನೂ ತಿರುಗಾಟದ ಕೆಲವು ಕೆಲಸಗಳನ್ನೂ ಇದರಿಂದ ಬಿಟ್ಟಿದ್ದಾರೆ. ಫೀಲ್ಡ್ ನೌಕರರ ವಿಷಯದಲ್ಲಿ ಕಂಪನಿಗಳು ಈ ವಿನಾಯಿತಿಯನ್ನೇ ಹಿಡಿದು ವಾದಿಸುತ್ತವೆ. ಆದ್ದರಿಂದ ಬರೀ ಕಾಯ್ದೆ ನಂಬಿ ಕೂರದೆ ಸೇರುವ ಮೊದಲೇ ವೇಳೆಯನ್ನು ಬರವಣಿಗೆಯಲ್ಲಿ ಕೇಳಿ. ಇದೇ ಕಾಯ್ದೆಯಂತೆ ಕೆಲಸಕ್ಕೆ ಸೇರಿದ 30 ದಿನದೊಳಗೆ ಫಾರಂ ಕ್ಯೂ ನಮೂನೆಯಲ್ಲಿ ನೇಮಕಾತಿ ಆದೇಶ ಕೊಡಬೇಕು. ಬಹಳ ಜನ ಇದನ್ನು ಕೇಳುವುದೇ ಇಲ್ಲ.

ಬೈಗುಳ ಎಲ್ಲಿಂದ ಬರುತ್ತದೆ? ಕಂತಿನ ದಿನ ಸಾಮಾನ್ಯವಾಗಿ ತಿಂಗಳ ಮೊದಲ ವಾರ. ಬೌನ್ಸ್ ಪಟ್ಟಿ ಬಂದ ಮೇಲೆ 20ರ ತನಕ ಸುಲಭದ ವಸೂಲಿ ಮುಗಿದಿರುತ್ತದೆ. ಉಳಿಯುವುದು ಗಟ್ಟಿ ಖಾತೆಗಳು. ಆಗ ಹಲವು ಬ್ರಾಂಚ್ ನೋಡಿಕೊಳ್ಳುವ ಕ್ಲಸ್ಟರ್ ಮ್ಯಾನೇಜರ್ ಬ್ರಾಂಚ್‌ನವರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ರಿವ್ಯೂ ಕಾಲ್ ಇಡುತ್ತಾನೆ. ಅವನಿಗೆ ರೀಜನಲ್‌ನಿಂದ ಇನ್ನೊಂದು ಬರುತ್ತದೆ. ಮೇಲಿನಿಂದ ಬಿದ್ದದ್ದನ್ನು ಕೆಳಗೆ ಇಳಿಸುವವನೂ ಇದ್ದಾನೆ, ತನ್ನಲ್ಲೇ ತಡೆದುಕೊಂಡು "ಈ ನಾಲ್ಕು ಖಾತೆಗೆ ನಾನೂ ಬರ್ತೀನಿ ನಡಿ" ಅನ್ನುವವನೂ ಇದ್ದಾನೆ. ಗುರುತಿಸಲು ಒಂದು ದಾರಿ ಇದೆ: ತಿಂಗಳ 27-28ರ ಸಂಜೆ ಏಳರ ಮೇಲೆ ಬ್ರಾಂಚ್ ಹತ್ತಿರದ ಟೀ ಅಂಗಡಿಯಲ್ಲಿ ಅರ್ಧ ಗಂಟೆ ನಿಲ್ಲಿ. ಹುಡುಗರು ಎಷ್ಟು ಹೊತ್ತಿಗೆ ಹೊರಬರುತ್ತಾರೆ, ಹೊರಬಂದು ಏನು ಮಾತಾಡುತ್ತಾರೆ, ಮ್ಯಾನೇಜರ್ ಅವರ ಜೊತೆ ಟೀ ಕುಡಿಯುತ್ತಾನೋ ಇಲ್ಲವೋ ನೋಡಿ. ತಿಂಗಳ 8ನೇ ತಾರೀಖು ಹೋದರೆ ಎಲ್ಲ ಬ್ರಾಂಚೂ ಒಳ್ಳೆಯದೇ.

ಕೇಳಿದ್ದನ್ನು ತೂಗುವಾಗ ಒಂದು ವ್ಯತ್ಯಾಸ ಮಾಡಿಕೊಳ್ಳಿ. ಬೈಗುಳದ ದೂರು ಒಂದೇ ಬ್ರಾಂಚಿನಿಂದ ಬಂದರೆ ಅದು ಆ ಮ್ಯಾನೇಜರ್‌ನ ರೋಗ. ಅವನಿಗೆ ವರ್ಗವಾದರೆ ವಾಸಿಯಾಗಬಹುದು. ರಾಜಾಜಿನಗರ, ತುಮಕೂರು, ಮೈಸೂರು ಎಲ್ಲ ಕಡೆಯವರೂ ಒಂದೇ ದೂರು ಹೇಳಿದರೆ ಅದು ಕಂಪನಿಯ ಪದ್ಧತಿ. ಮ್ಯಾನೇಜರ್ ಬದಲಾದರೂ ಅದು ಬದಲಾಗುವುದಿಲ್ಲ. ಸಂಬಳ ತಡ, ಫೈನಲ್ ಸೆಟ್ಲ್‌ಮೆಂಟ್ ಕೊಡದಿರುವುದು, ಗ್ರಿಡ್ ಹಿಂದಿನ ದಿನಾಂಕದಿಂದ ಬದಲಿಸುವುದು, ಇವು ಯಾವತ್ತೂ ಬ್ರಾಂಚ್ ಮಟ್ಟದಲ್ಲಿ ಆಗುವಂಥವಲ್ಲ. ಇಂಥ ದೂರು ಎರಡು ಕಡೆಯಿಂದ ಕೇಳಿಬಂದರೆ ನನ್ನ ಸಲಹೆ ಸೇರಬೇಡಿ ಎಂದೇ.

ಕಂಪನಿಯನ್ನು ಮನೆಯಲ್ಲೇ ಕೂತು ಪರೀಕ್ಷಿಸಲು ಎರಡು ದಾರಿ ಇವೆ. ರಿಸರ್ವ್ ಬ್ಯಾಂಕ್ ಜಾಲತಾಣದ ನೋಂದಾಯಿತ ಎನ್‌ಬಿಎಫ್‌ಸಿ (ಬ್ಯಾಂಕ್ ಅಲ್ಲದ ಫೈನಾನ್ಸ್ ಕಂಪನಿ) ಪಟ್ಟಿಯಲ್ಲಿ ಹೆಸರಿದೆಯೇ ನೋಡಿ. ಆಫರ್ ಲೆಟರ್‌ನಲ್ಲಿರುವ ಅಕ್ಷರಶಃ ಹೆಸರನ್ನೇ ಹುಡುಕಿ. ಎರಡನೆಯದು ಪಿಎಫ್ ನೋಡಿಕೊಳ್ಳುವ ಸಂಸ್ಥೆ ಇಪಿಎಫ್‌ಒ ಜಾಲತಾಣದ ಎಸ್ಟಾಬ್ಲಿಷ್‌ಮೆಂಟ್ ಸರ್ಚ್. ಕಂಪನಿಯ ಹೆಸರು ಹಾಕಿದರೆ ಪ್ರತಿ ತಿಂಗಳು ಎಷ್ಟು ನೌಕರರಿಗೆ, ಯಾವ ತಾರೀಖಿನಂದು ಪಿಎಫ್ ಕಟ್ಟಿದ್ದಾರೆ ಎಂದು ತೋರಿಸುತ್ತದೆ. ಕಟ್ಟಬೇಕಾದ ಗಡುವು ಮುಂದಿನ ತಿಂಗಳ 15. ಮೇಲಿಂದ ಮೇಲೆ ತಡವಾಗಿದ್ದರೆ ಹಣದ ಬಿಕ್ಕಟ್ಟಿದೆ ಎಂದರ್ಥ. ನೌಕರರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ ಜನ ಓಡಿಹೋಗುತ್ತಿದ್ದಾರೆ. ಆಫರ್ ಲೆಟರ್ ಫೈನಾನ್ಸ್ ಕಂಪನಿಯದೋ, ಮ್ಯಾನ್‌ಪವರ್ ಏಜೆನ್ಸಿಯದೋ ಎಂಬುದನ್ನೂ ನೋಡಿ. ಏಜೆನ್ಸಿಯದಾದರೆ ನೀವು ಆಫ್‌ರೋಲ್, ಅಂದರೆ ಫೈನಾನ್ಸ್ ಕಂಪನಿಯ ನೌಕರರಲ್ಲ. ಬ್ರಾಂಚ್‌ನಲ್ಲಿ ಅದೇ ಕೆಲಸ, ಅದೇ ಬೈಗುಳ, ಆದರೆ ಪ್ರಮೋಷನ್ ಮತ್ತು ಗ್ರಿಡ್ ಬೇರೆ.

ಖಾಲಿ ಚೆಕ್ ಕೊಡಬೇಡಿ. ಸಹಿ ಹಾಕಿದ ಖಾಲಿ ಚೆಕ್ಕನ್ನು ತುಂಬಿಕೊಳ್ಳಲು ಹಿಡಿದವರಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೇ ಅವಕಾಶವಿದೆ. ಅದು ಬೌನ್ಸ್ ಆಗಿ ಕೇಸ್ ಹಾಕಿದರೆ, ಬಾಕಿ ತೀರಿಸಲೆಂದೇ ಕೊಟ್ಟ ಚೆಕ್ ಎಂದು ಕೋರ್ಟ್ ಮೊದಲು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊರೆ ನಿಮ್ಮದು. ಸ್ಟಾಪ್ ಪೇಮೆಂಟ್ ಮಾಡಿದರೆ ಪಾರಾದೆ ಎಂದುಕೊಳ್ಳುವವರಿದ್ದಾರೆ. ಅದಕ್ಕೂ 138ನೇ ಕಲಂ ಕೇಸ್ ಬೀಳುತ್ತದೆ. ಕೊಡದೆ ವಿಧಿಯೇ ಇಲ್ಲವೆಂದಾದರೆ ಕಂಪನಿಯ ಪೂರ್ತಿ ಹೆಸರು ಬರೆದು, ಕ್ರಾಸ್ ಮಾಡಿ, ಗರಿಷ್ಠ ಮೊತ್ತ ನಮೂದಿಸಿ, ಚೆಕ್ ನಂಬರ್ ಸಹಿತ "ಭದ್ರತೆಗಾಗಿ ಮಾತ್ರ" ಎಂಬ ಪತ್ರದ ಜೊತೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮೂಲ ಅಂಕಪಟ್ಟಿ ಕೇಳಿದರೂ ಪ್ರತಿ ಕೊಟ್ಟು ಮೂಲ ತೋರಿಸಿ ವಾಪಸ್ ತನ್ನಿ.

ಬಾಂಡ್ ಬರೆಸಿಕೊಂಡರೆ "ಅದೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ" ಎಂಬ ಗೆಳೆಯರ ಮಾತು ನಂಬಬೇಡಿ. ಬೆಂಗಳೂರಿನಲ್ಲೇ ಪ್ರಧಾನ ಕಚೇರಿ ಇದ್ದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷದ ಸೇವೆ, ತಪ್ಪಿದರೆ 2 ಲಕ್ಷ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ 14ರಂದು ಎತ್ತಿಹಿಡಿದಿದೆ. ಆದರೆ ಬಿಟ್ಟ ಮೇಲೆ ಇನ್ನೊಂದು ಫೈನಾನ್ಸ್ ಕಂಪನಿ ಸೇರಬಾರದೆಂಬ ಷರತ್ತು ಬೇರೆಯೇ ವಿಷಯ. 1872ರ ಕರಾರು ಕಾಯ್ದೆಯ 27ನೇ ಕಲಂ ಅದನ್ನು ಒಪ್ಪುವುದಿಲ್ಲ.

ಸೇರಿದ ಮೇಲೆ ಬಹಳ ಹುಡುಗರು ಮುಗ್ಗರಿಸುವ ಜಾಗವೊಂದಿದೆ, ಇದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ತಿಂಗಳ ಕೊನೆ ದಿನ ಗೇಟ್‌ಗೆ ಒಂದೋ ಎರಡೋ ಖಾತೆ ಕಡಿಮೆ ಇರುತ್ತದೆ. "ನೀನೇ ಕಟ್ಟಿಬಿಡು, ಕಸ್ಟಮರ್ ಹತ್ತಿರ ಆಮೇಲೆ ಇಸ್ಕೋ" ಎಂಬ ಸಲಹೆ ಬರುತ್ತದೆ. ನಿಮ್ಮ ಯುಪಿಐನಿಂದ ಗ್ರಾಹಕನ ಕಂತು ಹೋದ ಗುರುತು ಆಡಿಟ್‌ನಲ್ಲಿ ಸಿಕ್ಕರೆ ಅದನ್ನು ವಂಚನೆಯ ಪಟ್ಟಿಗೆ ಹಾಕುತ್ತಾರೆ. ಗ್ರಾಹಕ ಮರಳಿ ಕೊಡದಿದ್ದರೆ ದುಡ್ಡೂ ಹೋಯಿತು. ಮುಂದಿನ ತಿಂಗಳು ಆ ಹಳ್ಳ ಮುಚ್ಚಲು ಇನ್ನೊಬ್ಬರು ಕೊಟ್ಟ ನಗದನ್ನು ರಸೀದಿ ಹಾಕದೆ ಎರಡು ದಿನ ಇಟ್ಟುಕೊಳ್ಳುವ ಆಸೆಯಾಗುತ್ತದೆ. ಅಲ್ಲಿಗೆ ಅದು ಅಪರಾಧ: ನೌಕರನೊಬ್ಬ ಮಾಡುವ ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆಯ 316(4)ರಲ್ಲಿ ಏಳು ವರ್ಷದ ತನಕ ಶಿಕ್ಷೆ ಇದೆ. ನಗದು ತೆಗೆದುಕೊಂಡ ಕ್ಷಣವೇ ಗ್ರಾಹಕನ ಎದುರೇ ರಸೀದಿ, ಅದೇ ದಿನ ಅಥವಾ ಕಂಪನಿ ನಿಯಮ ಹೇಳಿದ ವೇಳೆಯೊಳಗೆ ಡಿಪಾಸಿಟ್, ಸ್ಲಿಪ್‌ನ ಫೋಟೋ. ಇನ್ಸೆಂಟಿವ್ ಹೋದರೆ ಹೋಗಲಿ. ಮುಂದೆ ಸೇಲ್ಸ್‌ಗೆ ಬದಲಾದರೆ ಓಎಸ್‌ವಿ (ಮೂಲ ನೋಡಿ ಪರಿಶೀಲಿಸಿದೆ ಎಂಬ) ಮುದ್ರೆಯ ಬಗ್ಗೆ ಇಷ್ಟೇ ಎಚ್ಚರ ಬೇಕು. ಮೂಲ ದಾಖಲೆ ಕಣ್ಣಾರೆ ನೋಡದೆ ಆ ಸೀಲಿನ ಕೆಳಗೆ ಸಹಿ ಹಾಕಿದರೆ, ಸಾಲ ಕೆಟ್ಟ ದಿನ ಮೊದಲು ಕರೆಯುವುದು ಸಹಿ ಹಾಕಿದವರನ್ನು.

ವಸೂಲಿ ಆಗಲಿಲ್ಲವೆಂದು ಸಂಬಳ ಕಡಿಯುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ದಂಡ ಆ ಅವಧಿಯ ವೇತನದ ಶೇ 3 ಮೀರಬಾರದು, ನಷ್ಟದ ಬಾಬ್ತು ಕಡಿತಕ್ಕೂ ಮೊದಲು ನಿಮ್ಮ ವಿವರಣೆ ಕೇಳಬೇಕು.

ಕಿರುಕುಳ ಶುರುವಾದರೆ ತಾರೀಖು, ಗಂಟೆ, ಆಡಿದ ಮಾತು, ಎದುರಿಗಿದ್ದವರು, ಇಷ್ಟನ್ನು ದಿನವೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ವಾಟ್ಸ್ಆ್ಯಪ್ ಗ್ರೂಪಿನ ಮೆಸೇಜುಗಳನ್ನು ಮೂಲ ಫೋನಿನಲ್ಲಿ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್‌ಗೆ ಬೆಲೆ ಕಡಿಮೆ. ಒಂದು ತಪ್ಪು ಮಾತ್ರ ಮಾಡಬೇಡಿ: ಗ್ರಾಹಕರ ಹೆಸರು, ನಂಬರ್, ಬಾಕಿ ಇರುವ ಪಟ್ಟಿಯನ್ನು ಸಾಕ್ಷಿಗೆಂದು ಸ್ವಂತ ಮೇಲ್‌ಗೆ ಕಳಿಸಿದರೆ ಡೇಟಾ ಕಳವಿನ ಆರೋಪ ನಿಮ್ಮ ಮೇಲೇ ತಿರುಗುತ್ತದೆ. ಬ್ಯಾಂಕುಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ತಂದಿರುವ ಕಂಪನಿಗೆ ವಿಜಿಲ್ ವ್ಯವಸ್ಥೆ (ಒಳಗಿನ ಅಕ್ರಮದ ಬಗ್ಗೆ ನೌಕರರು ದೂರು ಕೊಡುವ ದಾರಿ) ಇರಲೇಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ, ಮತ್ತು ಸಾಲ ಕೊಡುವ ಕಂಪನಿಗಳಲ್ಲಿ ಸಾಕಷ್ಟು ದೊಡ್ಡವೆಲ್ಲ ಈ ಮಿತಿ ದಾಟಿರುತ್ತವೆ. ಅಲ್ಲಿಗೆ ಬರೆದ ದೂರು ಬ್ರಾಂಚ್ ಮ್ಯಾನೇಜರ್ ಕೈಗೆ ಹೋಗುವುದಿಲ್ಲ. ಲೈಂಗಿಕ ಕಿರುಕುಳವಾದರೆ ಮಹಿಳಾ ನೌಕರರು ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬೇಕು. ಕೆಲವರು ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯುತ್ತಾರೆ. ಅದು ಗ್ರಾಹಕರಿಗಾಗಿ ಇರುವುದು. ನೌಕರರ ವ್ಯಾಜ್ಯಕ್ಕೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ.

ಬಿಡುವುದೇ ಆದರೆ ಕೆಲಸಕ್ಕೆ ಹೋಗದೆ ಫೋನ್ ಆಫ್ ಮಾಡಿ ಕೂರಬೇಡಿ. ಅಬ್ಸ್ಕಾಂಡಿಂಗ್, ಅಂದರೆ ಹೇಳದೆ ಓಡಿಹೋದವರು ಎಂದು ಬರೆದುಬಿಟ್ಟರೆ ರಿಲೀವಿಂಗ್ ಲೆಟರ್ ಸಿಗದೆ ಮುಂದಿನ ಫೈನಾನ್ಸ್ ಕಂಪನಿಯ ಬಾಗಿಲೂ ಮುಚ್ಚುತ್ತದೆ. ರಾಜೀನಾಮೆಯನ್ನು ಮೇಲ್‌ನಲ್ಲಿ ಮ್ಯಾನೇಜರ್ ಮತ್ತು ಎಚ್‌ಆರ್ ಇಬ್ಬರಿಗೂ ಕಳಿಸಿ, ನಿಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಇರಲಿ. ಉತ್ತರ ಬಾರದಿದ್ದರೆ ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ. ಕೊನೆಯ ವಾರ ಗುರುತಿನ ಚೀಟಿ, ಸಿಮ್, ರಸೀದಿ ಯಂತ್ರ, ಉಳಿದ ನಗದು, ಕಂತು ಕಟ್ಟದ್ದಕ್ಕೆ ಹಿಡಿದು ಪಾರ್ಕಿಂಗ್ ಯಾರ್ಡಿಗೆ ತಂದ ಗಾಡಿಗಳ ಪಟ್ಟಿ, ಇವನ್ನೆಲ್ಲ ಒಪ್ಪಿಸಿ ಒಂದೇ ಹಾಳೆಯಲ್ಲಿ ಸಹಿ ಪಡೆಯಿರಿ. ಭದ್ರತೆಗೆ ಕೊಟ್ಟ ಚೆಕ್‌ಗಳನ್ನು ಅದೇ ದಿನ ನಂಬರ್ ನೋಡಿ ವಾಪಸ್ ತೆಗೆದುಕೊಳ್ಳಿ. ಕಂಪನಿಯವರು ಸೆಟ್ಲ್‌ಮೆಂಟ್‌ಗೆ 45 ದಿನ ಅನ್ನುವುದು ರೂಢಿ. ವೇತನ ಸಂಹಿತೆ ಮಾತ್ರ, ರಾಜೀನಾಮೆ ಕೊಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆನ್ನುತ್ತದೆ. ಆ ಸಾಲನ್ನು ನಿಮ್ಮ ಮೇಲ್‌ನಲ್ಲಿ ಉಲ್ಲೇಖಿಸಿ. ಅವರು ಪಿಎಫ್‌ನಲ್ಲಿ ನಿಮ್ಮ ಕೆಲಸ ಬಿಟ್ಟ ದಿನಾಂಕ ಹಾಕದೆ ಎಳೆದರೆ, ಕೊನೆಯ ಪಿಎಫ್ ಕಂತಿನಿಂದ ಎರಡು ತಿಂಗಳು ಕಳೆದ ಮೇಲೆ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಅದನ್ನು ದಾಖಲಿಸಬಹುದು.